ಒಣ ಮಾತ್ರೆ

ಬೋಂಡಾ ಈ ಸಲ ಕಕ್ಕಿದ್ದು ದೇವರಕೋಣೆಯ ಹೊಸ್ತಿಲ ಮೇಲೆ.

“ಮೌನಾ! ಬಂದು ನೋಡು, ನಿನ್ನ ಬೆಕ್ಕು ನೈವೇದ್ಯ ಇಟ್ಟಿದೆ!” ಎಂದು ವಿಷ್ಣುಮೂರ್ತಿ ಮೆಟ್ಟಿಲ ಕಡೆ ತಿರುಗಿ ಕೂಗಿದರು. ಮೈಮೇಲೆ ಮಡಿ ಪಂಚೆ, ಕೈಯಲ್ಲಿ ಹೂವಿನ ಬುಟ್ಟಿ. ಹೊಸ್ತಿಲು ದಾಟುವಂತಿರಲಿಲ್ಲ, ಅಲ್ಲೇ ನಿಲ್ಲುವಂತೆಯೂ ಇರಲಿಲ್ಲ.

ಸೊಸೆ ಮೌನ ಆಫೀಸಿಗೆ ಹೊರಟ ಬಟ್ಟೆಯಲ್ಲೇ ಹಳೆಯ ಪೇಪರು, ನೀರಿನ ಮಗ್ಗು ಹಿಡಿದು ಇಳಿದು ಬಂದಳು. ಆಗಷ್ಟೇ ತಿಂದ ಕಾಳು ಒಂದಿಷ್ಟೂ ಅರಗದೆ, ಎಂಜಲಿನ ನೊರೆಯ ಜೊತೆ ಬತ್ತಿಯ ಹಾಗೆ ಉದ್ದಕ್ಕೆ ಬಿದ್ದಿತ್ತು. ಬೋಂಡಾ ಆಚೆ ಗೋಡೆಗೆ ಒರಗಿ ಕುತ್ತಿಗೆ ಚಾಚಿ ಚಾಚಿ ಗುಟುಕರಿಸುತ್ತಿದ್ದ.

“ಮೊನ್ನೆ ಸೋಫಾ, ನಿನ್ನೆ ಮೆಟ್ಟಿಲು, ಇವತ್ತು ಇಲ್ಲಿ. ನಾಳೆ ಸಾಲಿಗ್ರಾಮದ ತಟ್ಟೆಯಲ್ಲಿ ಹಾಕ್ತದೆ.”

“ವಯಸ್ಸಾಗಿದೆ ಮಾವ. ಏನೋ ತೊಂದರೆ ಇದೆ ಅದಕ್ಕೆ.”

“ವಯಸ್ಸು ನಂಗೂ ಆಗಿದೆ. ನಾನು ಹೀಗೆ ಮಾಡ್ತೇನಾ?”

ಮೆಟ್ಟಿಲ ಮೇಲಿಂದ ಮೊಮ್ಮಗಳು ತೃಷಾ ಹೇಳಿದಳು, “ಅಜ್ಜಾ, ಅದು ವೇಣುಂನು ಪಣ್ಣಲ.”

“ಕನ್ನಡದಲ್ಲಿ ಹೇಳು.”

“ಬೇಕಂತ ಮಾಡಿಲ್ಲ. ಡೋಂಟ್ ಶೌಟ್.”

ಅಡುಗೆಮನೆಯ ಬಾಗಿಲಲ್ಲಿ ವಿಷ್ಣುಮೂರ್ತಿಯ ಹೆಂಡತಿ ವಿಮಲಾ ನಿಂತಿದ್ದರು. ಅವರೂ ಮಡಿಯಲ್ಲಿದ್ದುದರಿಂದ ಬೆಕ್ಕನ್ನಾಗಲಿ, ಅದು ಕಕ್ಕಿದ್ದನ್ನಾಗಲಿ ಮುಟ್ಟುವಂತಿರಲಿಲ್ಲ. ಅವರು ಒಳಗೆ ಹೋದರು.

ವಿಷ್ಣುಮೂರ್ತಿಯವರದು ಉಡುಪಿ ಕಡೆಯ ಮನೆತನ. ಕೋಡಂಬಾಕ್ಕಂನಲ್ಲಿ ತಮಿಳು ಸಿನಿಮಾ ಸ್ಟುಡಿಯೋಗಳು ತುಂಬಿದ್ದ ಕಾಲದಲ್ಲಿ ಅವರ ಅಪ್ಪ ಹಾಕಿದ ಹೋಟೆಲನ್ನು ನಲವತ್ತು ವರ್ಷ ಅವರು ನಡೆಸಿ, ಈಗ ಮಗ ಸೂರಜ್‌ಗೆ ಬಿಟ್ಟಿದ್ದರು. ಮನೆ ಹೋಟೆಲಿಗೆ ಎರಡು ಬೀದಿ ಆಚೆ. ಕೆಳಗೆ ಹಿರಿಯರು ಮತ್ತು ಅಡುಗೆಮನೆ, ಮೇಲೆ ಸೂರಜ್, ಮೌನ, ತೃಷಾ. ಮೌನ ಹಾಸನದವಳು, ವೇಲಚೇರಿಯ ಕಂಪನಿಯೊಂದರಲ್ಲಿ ಕೆಲಸ. ಮದುವೆಗೆ ಮೊದಲು ಮೀನು, ಮಾಂಸ ತಿಂದು ಬೆಳೆದವಳು ಈ ಮನೆಗೆ ಬಂದ ಮೇಲೆ ಬಿಟ್ಟಿದ್ದಳು. ಹತ್ತು ವರ್ಷದ ಹಿಂದೆ ವೇಲಚೇರಿ ಮುಳುಗಿದ ಡಿಸೆಂಬರಿನಲ್ಲಿ, ಆಫೀಸಿನ ಜನರೇಟರ್ ಮೇಲೆ ಕೂತು ಅರಚುತ್ತಿದ್ದ ಮರಿಯನ್ನು ಅವಳು ಮನೆಗೆ ತಂದಳು. ಮೂರು ವರ್ಷದ ತೃಷಾ ಅದರ ಬಣ್ಣ ನೋಡಿ ಬೋಂಡಾ ಎಂದು ಕರೆದಳು. ಹೋಟೆಲಿನವರ ಮನೆಯಲ್ಲಿ ಆ ಹೆಸರನ್ನು ಯಾರೂ ಬೇಡವೆನ್ನಲಿಲ್ಲ.

ಬೆಕ್ಕಿಗೆ ಮಾವ ಹಾಕಿದ ಷರತ್ತು, ಮೀನು ಮನೆಯೊಳಗೆ ಬರಕೂಡದು. ಮೌನ ಬೆಕ್ಕಿನ ಒಣ ಆಹಾರ ತಂದು, ಮೀನಿನ ಚಿತ್ರವಿದ್ದ ಪ್ಯಾಕೆಟ್ಟನ್ನು ದಾರಿಯಲ್ಲೇ ಬಿಸಾಡಿ, ಸ್ಟೀಲ್ ಡಬ್ಬಿಗೆ ತುಂಬಿಸಿ ಮೇಲಿನ ಬಾಲ್ಕನಿಯಲ್ಲಿ ಇಡುತ್ತಿದ್ದಳು. ವಿಷ್ಣುಮೂರ್ತಿ ಅದನ್ನು ಕಾಳು ಎಂದು ಕರೆದರು. ಅದು ಯಾವುದರ ಕಾಳು ಎಂದು ಹತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆ ಸಂಜೆ ಮೌನ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು, ತೃಷಾಳನ್ನು ಕರೆದುಕೊಂಡು ಡಾಕ್ಟರ್ ಹರ್ಷಿಣಿಯ ಕ್ಲಿನಿಕ್ಕಿಗೆ ಹೋದಳು.

“ವಾಂತಿ ಬರುವ ಮೊದಲು ಹೊಟ್ಟೆ ಹಿಂಡಿದ ಹಾಗೆ ಆಗುತ್ತದಾ?” ಎಂದು ಡಾಕ್ಟರ್ ತಮಿಳಿನಲ್ಲಿ ಕೇಳಿದಳು.

ತೃಷಾ ಫೋನಿನಲ್ಲಿ ತೆಗೆದಿದ್ದ ವಿಡಿಯೋ ತೋರಿಸಿದಳು. ಬೋಂಡಾ ತಿಂದ, ಎರಡು ಹೆಜ್ಜೆ ನಡೆದ, ತಲೆ ಬಗ್ಗಿಸಿದ. ತಿಂದದ್ದೆಲ್ಲ ಹೊರಗೆ ಜಾರಿತು. ಹೊಟ್ಟೆ ಅಲುಗಲೇ ಇಲ್ಲ.

“ಇದು ವಾಂತಿಯಲ್ಲ. ವಾಂತಿಯಾದರೆ ಹೊಟ್ಟೆ ಹಿಂಡುತ್ತದೆ. ಇದು ಹೊಟ್ಟೆಗೇ ಇಳಿದಿಲ್ಲ, ಅನ್ನನಾಳದಲ್ಲಿ ನಿಂತು ವಾಪಸ್ ಬರುತ್ತಿದೆ. ಕಳೆದ ತಿಂಗಳು ನೆಗಡಿಗೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದೆನಲ್ಲ, ಹೇಗೆ ಕೊಟ್ಟಿರಿ?”

“ಮೊದಲೆರಡು ದಿನ ನಾನು ಕೊಟ್ಟೆ. ನೀವು ಹೇಳಿದ ಹಾಗೆ ಬೆಕ್ಕಿಗೆ ತಿನ್ನಿಸೋ ಪೇಸ್ಟಿನಲ್ಲಿ ಮಾತ್ರೆ ಮುಚ್ಚಿ, ಆಮೇಲೆ ಸಿರಿಂಜಲ್ಲಿ ನೀರು. ಮತ್ತೆ ನಾನು ಪುಣೆಗೆ ಹೋದೆ, ಆಫೀಸ್ ಕೆಲಸ. ಅತ್ತೆಗೆ ತೋರಿಸಿಕೊಟ್ಟು ಹೋಗಿದ್ದೆ.”

“ಅವರು ನೀರು ಕುಡಿಸಿದರಾ?”

ಮೌನ ಬೋಂಡಾನ ಕುತ್ತಿಗೆ ಸವರಿದಳು.

“ಆ ಮಾತ್ರೆ ನೀರಿಲ್ಲದೆ ಒಣದಾಗೇ ಹೋದರೆ ಬೆಕ್ಕಿನ ಅನ್ನನಾಳಕ್ಕೆ ಅಂಟಿ ಕೂರುತ್ತದೆ. ಅಂಟಿದ ಕಡೆ ಸುಡುತ್ತದೆ. ಸುಟ್ಟ ಗಾಯ ಮಾಯುವಾಗ ನಾಳ ಒಳಗಿನಿಂದ ಬಿಗಿದುಕೊಳ್ಳುತ್ತದೆ. ನನ್ನ ಅನುಮಾನ ಅದು. ವೇಪೇರಿಯ ಪಶು ಆಸ್ಪತ್ರೆಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ. ತಡ ಮಾಡಬೇಡಿ, ಒಂದು ಕಿಲೋ ಇಳಿದಿದ್ದಾನೆ.”

ರಾತ್ರಿ ಊಟಕ್ಕೆ ಬೇಳೆ ಹಾಕದ ಸಾರು, ಸುವರ್ಣಗೆಡ್ಡೆಯ ಪಲ್ಯ. ಅದು ಚಾತುರ್ಮಾಸ್ಯ. ಆ ನಾಲ್ಕು ತಿಂಗಳು ವಿಷ್ಣುಮೂರ್ತಿ ಮಠದ ಕ್ರಮವನ್ನು ಕೂದಲೆಳೆಯೂ ತಪ್ಪದೆ ನಡೆಸುವವರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರು ಇಲ್ಲ, ಮೂರನೆಯದು ಹಾಲು ಇಲ್ಲ. ಈಗ ಕೊನೆಯದು, ಬೇಳೆಕಾಳು ಇಲ್ಲ, ಮೆಣಸಿನಕಾಯಿ ಇಲ್ಲ.

“ಅತ್ತೆ,” ಮೌನ ತಟ್ಟೆ ಮುಟ್ಟದೆ ಕೇಳಿದಳು. “ನಾನು ಊರಲ್ಲಿ ಇಲ್ಲದಾಗ ಬೋಂಡಾಗೆ ಮಾತ್ರೆ ಹೇಗೆ ಕೊಟ್ರಿ?”

ವಿಮಲಾ ಗಂಡನ ಕಡೆ ನೋಡಿದರು.

“ನನ್ನ ಮುಖ ಎಂತ ನೋಡುದು? ಕೊಟ್ಟದ್ದು ನೀನು.”

“ಪೇಸ್ಟಿನ ಡಬ್ಬಿ ಬಿಸಾಡಿದ್ದು ನೀವಲ್ವಾ?” ವಿಮಲಾ ಸಾರಿನ ಸೌಟು ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು. “ನೀನು ಹೋದ ಮರುದಿನವೇ ಮಗಾ, ಇವರು ಆ ಡಬ್ಬಿ ತೆಗೆದು ನೋಡಿದ್ರು. ಪೇಸ್ಟಿನ ಮೇಲೆ ಮೀನಿನ ಚಿತ್ರ. ಚಾತುರ್ಮಾಸ್ಯದಲ್ಲಿ ಮನೆಯೊಳಗೆ ಮೀನಾ ಅಂತ ಡಬ್ಬಿ ಸಮೇತ ಬೀದಿ ತೊಟ್ಟಿಗೆ ಹಾಕಿದ್ರು. ಸಿರಿಂಜೂ ಅದರಲ್ಲೇ ಇತ್ತು. ಹಾಲಿನಲ್ಲಾದ್ರೂ ಕೊಡುವಾ ಅಂದೆ.”

“ಕ್ಷೀರವ್ರತದಲ್ಲಿ ಮನೆಯಲ್ಲಿ ಹಾಲು ಎಲ್ಲಿಂದ ತರುದು?” ಎಂದರು ವಿಷ್ಣುಮೂರ್ತಿ.

“ಹಾಲಿನಲ್ಲಿ ಆ ಔಷಧಿ ಹಿಡಿಯೋದೇ ಇಲ್ಲ,” ಎಂದಳು ಮೌನ. “ನೀರು, ಅತ್ತೆ? ಬರೀ ನೀರು?”

“ಒಣ ಮಾತ್ರೆ ಗಂಟಲಿಗೆ ಹಾಕು, ಬೇಗ ಸ್ನಾನಕ್ಕೆ ಹೋಗು, ಪೂಜೆಗೆ ತಡ ಆಗ್ತದೆ ಅಂದ್ರು. ಹಾಕಿದೆ. ಸ್ನಾನ ಆದ ಮೇಲೆ ನಾನು ಬೆಕ್ಕು ಮುಟ್ಲಿಕ್ಕೆ ಉಂಟಾ? ಅದೇ ಹೋಗಿ ನೀರು ಕುಡೀತದೆ ಅಂದುಕೊಂಡೆ. ಒಂದು ದಿನ ತಪ್ಪಿಸಲಿಲ್ಲ ಮಾರಾಯ್ತಿ. ನೀನು ಹೇಳಿದ ಹೊತ್ತಿಗೇ ಕೊಟ್ಟೆ.”

“ನಾನು ಬಿಸಾಡಿದ್ದು ಮೀನು,” ವಿಷ್ಣುಮೂರ್ತಿ ಅನ್ನ ಕಲಸುತ್ತ ಹೇಳಿದರು. “ನೀರು ಕೊಡಬೇಡ ಅಂತ ನಾನು ಹೇಳಿದ್ದೆನಾ? ಹೇಳು, ಹೇಳಿದ್ದೆನಾ?”

ಸೂರಜ್ ಹೋಟೆಲಿನಿಂದ ಆಗಷ್ಟೇ ಬಂದಿದ್ದ. “ಅಪ್ಪಾ, ಸಾಕು. ಆದದ್ದು ಆಯ್ತು.”

“ಆಗಿದ್ದು ಯಾರಿಗೆ?” ಮೌನ ಅವನ ಕಡೆ ತಿರುಗಿದಳು. “ನಿಂಗಾ? ನಿಮ್ಮಪ್ಪನಿಗಾ? ನುಂಗೋಕ್ಕಾಗದೆ ಒದ್ದಾಡ್ತಿರೋದು ಅದು.”

ವೇಪೇರಿಯಲ್ಲಿ ಎಂಡೋಸ್ಕೋಪಿಯ ಪರದೆಯ ಮೇಲೆ ಬೋಂಡಾನ ಅನ್ನನಾಳ ಕಂಡಿತು. ಎದೆಯ ಹತ್ತಿರ ಬಿಳಿಯ ಬಿಗಿ ಉಂಗುರ, ನಡುವೆ ಪೆನ್ನಿನ ರೀಫಿಲ್ ಹೋಗುವಷ್ಟು ತೂತು. ಮೂತ್ರಪಿಂಡದ ಪರೀಕ್ಷೆ ಮಾಡಿ, ಹತ್ತು ವರ್ಷದ ಬೆಕ್ಕಿಗೆ ಅರಿವಳಿಕೆಯ ಅಪಾಯ ಇದ್ದೇ ಇದೆ ಎಂದು ಹೇಳಿ ಸಹಿ ಹಾಕಿಸಿಕೊಂಡು, ಸಣ್ಣ ಬಲೂನು ಒಳಗೆ ಇಳಿಸಿ ಉಬ್ಬಿಸಿ ನಾಳವನ್ನು ಹಿಗ್ಗಿಸಿದರು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಬಿಗಿಯುತ್ತದೆ, ಮತ್ತೆ ಬರಬೇಕು ಎಂದರು. ಒಣ ಕಾಳು ಇನ್ನು ಇಲ್ಲವೇ ಇಲ್ಲ. ಮೀನೋ ಕೋಳಿಯೋ ಬೇಯಿಸಿ, ಗಂಜಿಯ ಹಾಗೆ ನುಣ್ಣಗೆ ಅರೆದು, ಸ್ವಲ್ಪ ಸ್ವಲ್ಪವೇ ದಿನಕ್ಕೆ ಹಲವು ಸಲ. ತಿಂದ ಮೇಲೆ ಮಗುವಿನ ಹಾಗೆ ಎತ್ತಿ ನೆಟ್ಟಗೆ ಹಿಡಿದುಕೊಳ್ಳಬೇಕು.

ಮೌನ ಅದನ್ನೆಲ್ಲ ಮಾವನ ಎದುರು ನಿಂತು ಹೇಳಿದಳು.

“ಕಾರ್ತಿಕದ ದ್ವಾದಶಿ ಕಳೆಯಲಿ,” ಎಂದರು ವಿಷ್ಣುಮೂರ್ತಿ. “ಅಲ್ಲಿವರೆಗೆ ಈ ಗೇಟಿನೊಳಗೆ ಮೀನು ಬರಕೂಡದು.”

“ಅಲ್ಲಿವರೆಗೆ ಅದು ಉಳಿಯಲ್ಲ ಮಾವ.”

“ಗಂಜಿ ತಿಳಿ ಕೊಡು. ನಮ್ಮ ಊರಲ್ಲಿ ಬೆಕ್ಕುಗಳೆಲ್ಲ ಗಂಜಿ ತಿಂದೇ ಬದುಕಿದ್ದು.”

“ನಿಮ್ಮೂರಿನ ಬೆಕ್ಕು ಹಗಲು ಗಂಜಿ ತಿಂದು ರಾತ್ರಿ ಇಲಿ ತಿಂತಿತ್ತು. ಬೆಕ್ಕಿಗೆ ಮಾಂಸ ಇಲ್ಲದಿದ್ರೆ ಕಣ್ಣು ಹೋಗುತ್ತೆ, ಹೃದಯ ಹೋಗುತ್ತೆ. ಡಾಕ್ಟ್ರನ್ನ ಕೇಳಿ.”

“ಡಾಕ್ಟ್ರ ಮನೆಯಲ್ಲಿ ಸಾಲಿಗ್ರಾಮ ಉಂಟಾ?”

ಅದರ ನಂತರ ಮೌನ ಮಾತು ಬೆಳೆಸಲಿಲ್ಲ. ಆಫೀಸಿನಲ್ಲಿ ಹೇಳಿ ಮನೆಯಿಂದಲೇ ಕೆಲಸ ಮಾಡತೊಡಗಿದಳು. ಬೆಕ್ಕು ಏನೋ ತಿನ್ನುತ್ತಿತ್ತು. ಅದನ್ನು ಎಲ್ಲಿ ಬೇಯಿಸುತ್ತಾಳೆ, ಎಲ್ಲಿ ಅರೆಯುತ್ತಾಳೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ವಾರ ಬೋಂಡಾ ನುಂಗಿದ. ಎರಡನೆಯ ವಾರ ಮತ್ತೆ ಕುತ್ತಿಗೆ ಚಾಚತೊಡಗಿದ. ಎಂಜಲು ಗದ್ದದಿಂದ ದಾರದ ಹಾಗೆ ಇಳಿಯುತ್ತಿತ್ತು. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ತೃಷಾ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು ಬೋಂಡಾನನ್ನು ತೂಗುತ್ತಿದ್ದಳು.

ಒಂದು ಬೆಳಿಗ್ಗೆ ನೀರುದೋಸೆ, ಕಾಳುಮೆಣಸು ಹಾಕಿ ಅರೆದ ತೆಂಗಿನಕಾಯಿ ಚಟ್ನಿ. ವಿಷ್ಣುಮೂರ್ತಿ ತಿನ್ನುತ್ತ ತಮ್ಮ ಜಯರಾಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಜಯರಾಮ ಬೆಸೆಂಟ್ ನಗರದಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್. ವಿಷ್ಣುಮೂರ್ತಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನಲ್ಲಿ ಧ್ವನಿ ಜೋರು.

“ಇಲ್ಲ ಮಾರಾಯ, ಅದು ವಿಮಲಾ ಕೈಯಲ್ಲಿ ಆದದ್ದು. ಬೆಕ್ಕಿನ ಗಂಟಲು ಸುಟ್ಟು ಹಾಕಿದ್ದಾಳೆ. ಹೂಂ, ಬೆಕ್ಕು ಸತ್ತರೆ ದೊಡ್ಡ ದೋಷ, ಗೊತ್ತುಂಟು. ದೋಷ ಮಾಡಿದವಳಿಗೆ. ನಂಗಲ್ಲ. ಅದಕ್ಕೇ ಹೇಳುದು, ಎಲ್ಲಾದ್ರೂ ಬಿಟ್ಟು ಬರಲಿ, ಹೊರಗೆ ಹೋಗಿ ಸಾಯಲಿ ಅಂತ.”

ಒಲೆಯ ಮುಂದಿದ್ದ ವಿಮಲಾರ ಕೈಯಲ್ಲಿ ದೋಸೆ ಸೀದಿತು. ಮೌನ ಮಾವನ ಎದುರು ಬಂದು ಕೂತಳು. ಫೋನು ಕೆಳಗಿಡುವವರೆಗೆ ಕಾದಳು.

“ಚಟ್ನಿ ಚೆನ್ನಾಗಿದೆಯಾ ಮಾವ?”

“ಎಂತಕ್ಕೆ?”

“ಬೆಳಿಗ್ಗೆ ಬೋಂಡಾಗೆ ಅಡುಗೆಮನೆ ಮಿಕ್ಸಿ ಜಾರಲ್ಲೇ ಮೀನು ಅರೆದೆ. ತೊಳೆದಿಟ್ಟಿದ್ದೆ. ಅತ್ತೆ ಅದರಲ್ಲೇ ಚಟ್ನಿ ಅರೆದ್ರು ಅನ್ಸುತ್ತೆ.”

ವಿಷ್ಣುಮೂರ್ತಿಯ ಬಾಯಲ್ಲಿ ದೋಸೆ ನಿಂತಿತು. ಸೊಸೆಯ ಮುಖ ನೋಡಿದರು, ತಟ್ಟೆ ನೋಡಿದರು. ಎದ್ದು ಹಿತ್ತಲಿಗೆ ಓಡಿದರು. ಬಾವಿಕಟ್ಟೆ ಹಿಡಿದು ಬಗ್ಗಿದರು.

ತೃಷಾ ಟೈ ಕಟ್ಟಿಕೊಳ್ಳುತ್ತ ಕಿಟಕಿಯಲ್ಲಿ ಇಣುಕಿ ಹೇಳಿದಳು, “ಅಮ್ಮಾ, ದಿಸ್ ಈಸ್ ವಾಮಿಟ್. ಹೊಟ್ಟೆ ಹಿಂಡ್ತಿದೆ ನೋಡು.”

“ತೃಷಾ!” ಎಂದು ಗದರಿದ ಸೂರಜ್. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ, “ನಿಜವಾಗ್ಲೂ ಮಾಡಿದಿಯಾ?”

“ನಿಮ್ಮಪ್ಪ ಕಕ್ಕಿದ್ದು ನಿಜ ತಾನೆ?”

ವಿಷ್ಣುಮೂರ್ತಿ ತಲೆಗೆ ಸ್ನಾನ ಮಾಡಿ, ಪುರೋಹಿತರನ್ನು ಕೇಳಿ ಪಂಚಗವ್ಯ ತೆಗೆದುಕೊಂಡು, ಇನ್ನು ಆ ಅಡುಗೆಮನೆಯ ನೀರೂ ಮುಟ್ಟುವುದಿಲ್ಲ ಎಂದರು. ನಡೆದದ್ದನ್ನು ಮನೆಯ ಹೊರಗೆ ಯಾರೂ ಬಾಯಿ ಬಿಡಬಾರದು ಎಂದು ಸೂರಜ್‌ನಿಂದ ಆಣೆ ಮಾಡಿಸಿಕೊಂಡರು. ಮಠದವರಿಗೆ ತಿಳಿದರೆ, ಜಯರಾಮನಿಗೆ ತಿಳಿದರೆ ಮುಖ ತೋರಿಸುವುದು ಹೇಗೆ?

ಆದರೆ ಊಟ ಎಲ್ಲಿ? ಸ್ವಂತ ಹೋಟೆಲಿನಲ್ಲಿ ಇಡ್ಲಿಗೆ ಉದ್ದು, ಸಾಂಬಾರಿಗೆ ತೊಗರಿ, ಪಲ್ಯಕ್ಕೆ ಈರುಳ್ಳಿ. ಆ ತಿಂಗಳ ವ್ರತಕ್ಕೆ ಅಲ್ಲಿ ಮೊಸರನ್ನ ಬಿಟ್ಟರೆ ಯಾವುದೂ ಆಗದು, ಮೊಸರನ್ನದ ಒಗ್ಗರಣೆಗೂ ಉದ್ದಿನಬೇಳೆ. ನಲವತ್ತು ವರ್ಷ ದಿನಕ್ಕೆ ನೂರಾರು ಜನರಿಗೆ ಊಟ ಹಾಕಿಸಿದ ಮನುಷ್ಯ ಗಲ್ಲಾ ಬಿಟ್ಟು ಎದ್ದವರಲ್ಲ. ಅನ್ನಕ್ಕೆ ಎಷ್ಟು ನೀರು ಎಂದು ಅವರಿಗೆ ಗೊತ್ತಿರಲಿಲ್ಲ. ಹೋಟೆಲಿನಿಂದ ಒಂಟಿ ಒಲೆ ತರಿಸಿ, ಹೊಸ ಪಾತ್ರೆ ತರಿಸಿ, ಹಿತ್ತಲಿನ ತಗಡಿನ ಕೆಳಗೆ ಕೂತರು. ಮೊದಲ ದಿನ ಅನ್ನ ಮುದ್ದೆಯಾಯಿತು. ಮರುದಿನ ತಳ ಹಿಡಿಯಿತು.

ವಿಮಲಾ ಆ ಮೊದಲ ದಿನ ಅವಲಕ್ಕಿ, ಬಾಳೆಹಣ್ಣು ತಿಂದು ಕಳೆದರು. ಸೊಸೆಯ ಜೊತೆ ಮಾತಿಲ್ಲ. ಮರುದಿನ ಮಧ್ಯಾಹ್ನ ಮೋಡ ಕಟ್ಟಿತೆಂದು ಬಟ್ಟೆ ತೆಗೆಯಲು ತಾರಸಿಗೆ ಹೋದರು. ನೀರಿನ ಟ್ಯಾಂಕಿನ ಹಿಂದೆ ಗುರ್ ಎಂದು ಶಬ್ದ. ಹೋಗಿ ನೋಡಿದರೆ ಮೋಟಾರಿನ ಪ್ಲಗ್ಗಿಗೆ ಸಿಕ್ಕಿಸಿದ ಒಂದು ಸಣ್ಣ ಮಿಕ್ಸಿ, ಪಕ್ಕದಲ್ಲಿ ಕರೆಂಟಿನ ಒಲೆ, ಮೀನಿನ ವಾಸನೆ. ಮೌನ ಕುಕ್ಕರಗಾಲಲ್ಲಿ ಕೂತಿದ್ದಳು, ತೊಡೆಯ ಮೇಲೆ ಬೋಂಡಾ.

“ಇದು ಯಾವಾಗಿಂದ ಇಲ್ಲಿ?”

“ವೇಪೇರಿಯಿಂದ ಬಂದ ದಿನದಿಂದ.”

“ಹಾಗಾದ್ರೆ ಕೆಳಗಿನ ಮಿಕ್ಸಿ?”

“ಅದನ್ನ ನಾನು ಮುಟ್ಟೇ ಇಲ್ಲ ಅತ್ತೆ.”

ವಿಮಲಾ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. “ಸುಳ್ಳು ಹೇಳಿದ್ದಾ ನೀನು?”

“ಹೊಟ್ಟೆ ಉರೀತಿತ್ತು. ಹೊರಗೆ ಹೋಗಿ ಸಾಯಲಿ ಅಂದ್ರಲ್ಲ, ಆ ಬಾಯಲ್ಲಿ ಏನೂ ಇಳೀಬಾರದು ಅನ್ಸಿತು.” ಮೌನ ಚಮಚೆಯ ತುದಿಯಿಂದ ಬೆಕ್ಕಿಗೆ ಗಂಜಿ ನೆಕ್ಕಿಸಿದಳು. “ನಿಮಗೆ ಬೇಜಾರಾಗಿದ್ರೆ ತಪ್ಪಾಯ್ತು. ಸಂಜೆ ಮಾವನಿಗೆ ನಾನೇ ಹೇಳ್ತೀನಿ.”

“ಬೇಡ.”

“ಯಾಕೆ?”

“ಅವರು ಅಕ್ಕಿ ತೊಳೆಯುದು ನೋಡಿದ್ಯಾ? ನೀರಿನ ಒಟ್ಟಿಗೆ ಅಕ್ಕಿಯೂ ಹೋಗ್ತದೆ.” ವಿಮಲಾ ಬಟ್ಟೆ ಮಡಚಿದರು. “ನಾಲ್ಕು ದಿನ ತೊಳೆಯಲಿ.”

ಅಂದೇ ಅವರು ಎಂದಿನಂತೆ ಅಡುಗೆ ಮಾಡಿ ಉಂಡರು. ವಿಷ್ಣುಮೂರ್ತಿ ಹಿತ್ತಲಿನಿಂದ ಇಣುಕಿ ನೋಡಿದರು.

“ನೀನು ಅದರಲ್ಲೇ ತಿನ್ನುದಾ? ವ್ರತ?”

“ಬೆಕ್ಕಿನ ಗಂಟಲು ಸುಟ್ಟವಳಿಗೆ ಎಂತ ವ್ರತ? ಎಂತ ಮಡಿ? ದೋಷ ನಂಗೇ ಅಂತ ನೀವೇ ಹೇಳಿದ್ರಲ್ಲ.”

“ಅದು ಬಾಯಿ ಮಾತಿಗೆ ಹೇಳಿದ್ದು.”

“ನಾನು ಹೊಟ್ಟೆಗೆ ತಕೊಂಡೆ.”

ಮಳೆ ಹಿಡಿಯಿತು. ತಗಡಿನಿಂದ ನೀರು ಒಲೆಯ ಮೇಲೆ ತೊಟ್ಟಿಕ್ಕಿತು. ಗಂಜಿ ಬಸಿಯಲು ಹೋಗಿ ವಿಷ್ಣುಮೂರ್ತಿ ಎಡಗೈ ಸುಟ್ಟುಕೊಂಡರು. ಸೂರಜ್ ಬಟ್ಟೆ ಕಟ್ಟಿದ. ವಿಮಲಾ ಒಳಗಿನಿಂದ ಅರಿಶಿನದ ಡಬ್ಬಿ ಕೊಟ್ಟು ಕಳಿಸಿದರು, ತಾವು ಬರಲಿಲ್ಲ.

“ಹೊಸ ಮಿಕ್ಸಿ ತರಿಸ್ತೇನೆ ವಿಮಲಾ,” ಎಂದರು ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು. “ಅಡುಗೆಮನೆ ಶುದ್ಧಿ ಮಾಡಿಸುವಾ. ನೀನು ಮಾಡಿ ಹಾಕು.”

“ಮಿಕ್ಸಿ ಹೊಸದು ಬರ್ತದೆ. ಕೈ ಹೊಸದು ಎಲ್ಲಿಂದ ತರಿಸ್ತೀರಿ?”

ಈ ನಡುವೆ ಬೋಂಡಾಗೆ ಎರಡನೆಯ ಸಲ ಬಲೂನು ಇಳಿಸಿದರು. ಮೂರನೆಯದೂ ಆಯಿತು. ಮೂರನೆಯದರ ಬಳಿಕ ನಾಳ ಮತ್ತೆ ಬಿಗಿಯಲಿಲ್ಲ. ಗಂಜಿ ಒಳಗೆ ನಿಂತಿತು. ಡಾಕ್ಟರ್ ಹರ್ಷಿಣಿ ತೂಕ ನೋಡಿ, ಏರುತ್ತಿದೆ, ಆದರೆ ಅರೆದ ಊಟವನ್ನು ನಿಲ್ಲಿಸಬೇಡಿ, ಬಹುಶಃ ಬದುಕಿರುವವರೆಗೂ ಎಂದಳು. ಹಾಗೆಂದರೆ ತಾರಸಿಯಲ್ಲಿ ಕದ್ದು ಅರೆಯುವುದು ಇನ್ನೆಷ್ಟು ದಿನ? ಮಳೆಗೆ ಪ್ಲಗ್ಗಿನಲ್ಲಿ ಒಂದು ಸಲ ಮೌನಳಿಗೆ ಶಾಕ್ ಕೂಡ ಹೊಡೆದಿತ್ತು.

ಕಾರ್ತಿಕದ ಏಕಾದಶಿ ಬಂತು. ಮರುದಿನ ದ್ವಾದಶಿಗೆ ಚಾತುರ್ಮಾಸ್ಯ ಮುಗಿಯುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೇ ಪಾರಣೆಯ ಊಟ ಆಗಬೇಕು. ಪ್ರತಿ ವರ್ಷದಂತೆ ಜಯರಾಮ, ಅವನ ಹೆಂಡತಿ ಊರ್ಮಿಳಾ ಹಿಂದಿನ ಸಂಜೆಯೇ ಬಂದಿಳಿದರು. ಎಲ್ಲರೂ ಉಪವಾಸ. ಸೂರಜ್ ಅಪ್ಪ ಹೇಳಿದ ಹೊಸ ಮಿಕ್ಸಿಯನ್ನು ಪೆಟ್ಟಿಗೆ ಸಮೇತ ತಂದು ಅಡುಗೆಮನೆಯಲ್ಲಿಟ್ಟಿದ್ದ.

“ಅತ್ತಿಗೆ, ಬೆಳಿಗ್ಗೆ ನೆಲ್ಲಿಕಾಯಿ ತಂಬುಳಿ ಉಂಟಲ್ವಾ?” ಊರ್ಮಿಳಾ ಕಾಲು ಚಾಚಿ ಕೂತು ಕೇಳಿದಳು. “ನಿಮ್ಮ ಕೈ ತಂಬುಳಿ ನೆನೆಸಿಕೊಂಡೇ ಉಪವಾಸ ಮಾಡಿದ್ದು ನಾನು.”

“ನಾನು ಅಡುಗೆ ಮಾಡುದಿಲ್ಲ ಊರ್ಮಿಳಾ.”

“ಎಂತ, ಹುಷಾರಿಲ್ವಾ?”

“ಹುಷಾರುಂಟು. ಬೆಕ್ಕಿನ ಗಂಟಲು ಸುಟ್ಟ ಕೈಯಲ್ಲಿ ಪಾರಣೆಗೆ ಬಡಿಸುದು ಹೇಗೆ? ಜಯರಾಮನಿಗೆ ಗೊತ್ತುಂಟು. ಇವರು ಫೋನಿನಲ್ಲಿ ಹೇಳಿದ್ದಾರೆ.”

ಜಯರಾಮ ಅಣ್ಣನ ಕಡೆ ನೋಡಿದ. ಊರ್ಮಿಳಾ ಕಾಲು ಮಡಚಿಕೊಂಡಳು. ಮೌನ ಮೆಟ್ಟಿಲ ಮೇಲೆ ನಿಂತಿದ್ದಳು.

“ಈಗ ಯಾಕೆ ಆ ಕಥೆ?” ಎಂದರು ವಿಷ್ಣುಮೂರ್ತಿ.

“ಅಡುಗೆ ಮಾಡುವವರು ಬೇಕಲ್ಲ. ಯಾರು ಮಾಡಬಹುದು, ಯಾರು ಮಾಡಬಾರದು ಅಂತ ತೀರ್ಮಾನ ಆಗಲಿ.”

“ಅಣ್ಣಾ, ನೀನು ಹಾಗೇ ಹೇಳಿದ್ದು ಹೌದು,” ಎಂದ ಜಯರಾಮ.

ವಿಷ್ಣುಮೂರ್ತಿಯ ಎಡಗೈಯ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಅವರು ಅದನ್ನು ಬಲಗೈಯಿಂದ ಒತ್ತಿ ಹಿಡಿದು ಕೂತರು.

“ಡಬ್ಬಿ ಬಿಸಾಡಿದ್ದು ನಾನು,” ಎಂದರು ಕೊನೆಗೆ.

“ಮತ್ತೆ?” ಎಂದರು ವಿಮಲಾ.

“ಒಣ ಮಾತ್ರೆ ಹಾಕು ಅಂದದ್ದೂ ನಾನು.”

“ನೀರು?”

“ಸಿರಿಂಜ್ ಆ ಡಬ್ಬಿಯಲ್ಲೇ ಇತ್ತು. ಪೂಜೆಗೆ ತಡ ಆಗ್ತದೆ ಅಂತ ಅವಸರ ಮಾಡಿದ್ದು ನಾನೇ. ಸಾಕಾ? ಇನ್ನು ಅಡುಗೆಮನೆಗೆ ಹೋಗು.”

“ಇನ್ನೊಂದುಂಟು. ಬೋಂಡಾನ ಊಟ ನಾಳೆಯಿಂದ ಹಿತ್ತಲ ಕಟ್ಟೆಯ ಮೇಲೆ ಅರೆಯುದು. ಯಾವ ಮಾಸ ಆಗಲಿ, ಯಾವ ವ್ರತ ಆಗಲಿ.”

ವಿಷ್ಣುಮೂರ್ತಿ ತಮ್ಮನ ಮುಖ ನೋಡಿದರು, ಸೊಸೆಯ ಮುಖ ನೋಡಲಿಲ್ಲ. “ಅರೆಯಲಿ. ಹಳೆಯ ಮಿಕ್ಸಿ ಹೊರಗೆ ಹಾಕು, ಬೆಕ್ಕಿಗೆ ಇರಲಿ. ನೀನು ಹೊಸದು ತೆಗಿ.”

“ಆಯ್ತು,” ಎಂದರು ವಿಮಲಾ.

ನಸುಕಿನಲ್ಲಿ ಮೌನ ಕೆಳಗೆ ಬಂದಾಗ ಅತ್ತೆ ಸ್ನಾನ ಮುಗಿಸಿ, ಮಡಿಯುಟ್ಟು, ನೆಲ್ಲಿಕಾಯಿ ಬೀಜ ಬಿಡಿಸುತ್ತಿದ್ದರು. ಹಿತ್ತಲ ಬಾಗಿಲ ಬಳಿ ಹೊಸ ಮಿಕ್ಸಿ ಪೆಟ್ಟಿಗೆಯಿಂದ ಹೊರಬಂದು ಕೂತಿತ್ತು.

“ತಕೋ ಅದನ್ನು, ಬೋಂಡಾಗೆ. ಮೇಲಿನದ್ದು ಶಾಕ್ ಹೊಡೀತದಲ್ಲ.”

“ಅತ್ತೆ, ಮಾವ ಎಲ್ಲರ ಮುಂದೆ ಒಪ್ಕೊಂಡ್ರು. ನಂಗಿಷ್ಟು ಸಾಕು. ಕೆಳಗಿನ ಜಾರಿಗೆ ಏನೂ ಆಗಿಲ್ಲ ಅಂತ ಈಗಲಾದ್ರೂ ಹೇಳಿಬಿಡೋಣ.”

“ನಿನ್ನದು ಮುಗಿಯಿತು,” ವಿಮಲಾ ತೆಂಗಿನತುರಿಯನ್ನು ಹಳೆಯ ಜಾರಿಗೆ ಹಾಕಿದರು. “ನನ್ನದು ಇನ್ನೂ ಉಂಟು.”

ಸೂರ್ಯ ಏಳುವಾಗ ಎಲೆ ಹಾಕಿದರು. ವಿಷ್ಣುಮೂರ್ತಿ, ಜಯರಾಮ, ಸೂರಜ್, ಹಸಿದು ಸೊರಗಿದ್ದ ಊರ್ಮಿಳಾ ಒಂದೇ ಸಾಲಿನಲ್ಲಿ ಕೂತರು. ವಿಷ್ಣುಮೂರ್ತಿಗೆ ಅದು ಒಂದು ದಿನದ ಹಸಿವಲ್ಲ, ಹಿತ್ತಲಿನ ಅಷ್ಟೂ ದಿನಗಳ ಹಸಿವು. ತೀರ್ಥ ತೆಗೆದುಕೊಂಡವರೇ ಬಿಸಿ ಅನ್ನಕ್ಕೆ ತಂಬುಳಿ ಕಲಸಿ, ಕಣ್ಣು ಮುಚ್ಚಿ ದೊಡ್ಡ ತುತ್ತು ತಿಂದರು. ಇನ್ನೊಂದು ತುತ್ತು. ಮತ್ತೊಂದು.

“ಅತ್ತಿಗೆ, ಬೆಣ್ಣೆ ಹಾಗೆ ಅರೆದಿದ್ದೀರಿ,” ಎಂದಳು ಊರ್ಮಿಳಾ. “ಹೊಸ ಮಿಕ್ಸಿ ಅಲ್ವಾ, ಅದಕ್ಕೇ.”

“ಇಲ್ಲ ಮಾರಾಯ್ತಿ,” ಎಂದರು ವಿಮಲಾ. “ಹಳೆಯದರಲ್ಲೇ ಅರೆದದ್ದು. ಹೊಸದು ಬೋಂಡಾಗೆ ಕೊಟ್ಟೆ.”

ಹಿತ್ತಲಿನಲ್ಲಿ ಹೊಸ ಮಿಕ್ಸಿ ತಿರುಗುವ ಶಬ್ದ ಕೇಳಿತು. ಸೂರಜ್ ಕೈ ಎಲೆಯ ಮೇಲೆ ನಿಂತಿತು. ಅವನು ಅಪ್ಪನನ್ನು ನೋಡಿದ.

ವಿಷ್ಣುಮೂರ್ತಿಯ ಬಾಯಿ ತುಂಬಿತ್ತು. ಎಡಗಡೆ ತಮ್ಮ, ಬಲಗಡೆ ಮಗ. ಎದ್ದರೆ ಯಾಕೆ ಎದ್ದದ್ದು ಎಂದು ಜಯರಾಮ ಕೇಳುತ್ತಾನೆ. ಉಗುಳಿದರೆ ದ್ವಾದಶಿಯ ಎಲೆಗೆ ಅಪಚಾರ. ಅವರು ಹೆಂಡತಿಯ ಕಣ್ಣು ನೋಡಿದರು. ಅಲ್ಲಿ ಕರುಣೆ ಇರಲಿಲ್ಲ, ಅವಸರವೂ ಇರಲಿಲ್ಲ.

“ಎಂತ ಅಣ್ಣಾ, ಗಂಟಲಿಗೆ ಸಿಕ್ಕಿತಾ?” ಎಂದ ಜಯರಾಮ. “ನೀರು ಕುಡಿ.”

ವಿಷ್ಣುಮೂರ್ತಿ ತಲೆಯಾಡಿಸಿದರು. ಕುತ್ತಿಗೆ ಸ್ವಲ್ಪ ಮುಂದೆ ಚಾಚಿ ನುಂಗಿದರು. ಒಂದು ಸಲಕ್ಕೆ ಇಳಿಯಲಿಲ್ಲ, ಮತ್ತೆ ನುಂಗಿದರು.

ವಿಮಲಾ ಬಗ್ಗಿ ಅವರ ಎಲೆಗೆ ಇನ್ನೊಂದು ಸೌಟು ತಂಬುಳಿ ಬಡಿಸಿದರು.